ಅರ್ಜಿಗೆ ಪಳಗಿದ ಕೈ, ಇಂಗ್ಲಿಷ್ ವ್ಯವಹಾರ ಪತ್ರ

ಮನವಿ ಬರೆಯುವುದನ್ನು ಕಾಸರಗೋಡಿನ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಅಂದಿನಿಂದ ಬರೆಯುತ್ತಲೇ ಇದ್ದೇವೆ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಗೆ ಬರಲಿಲ್ಲ, ಮತ್ತೆ ಬರೆದೆವು. ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಸ್ಟ್ರು ಬೇಕು ಎಂದು ಈಗಲೂ ಬರೆಯುತ್ತೇವೆ. ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂಬ ಸಾಲು ನಮ್ಮ ಪೆನ್ನಿನಿಂದ ತಾನಾಗಿ ಇಳಿಯುತ್ತದೆ.

ಸರಕಾರಕ್ಕೆ ಬರೆಯುವಾಗ ಅದು ಇರಲಿ. ಆದರೆ ನಾವು ಇಂಗ್ಲಿಷಿನಲ್ಲಿ ಕಂಪೆನಿಗೆ, ಬ್ಯಾಂಕಿಗೆ, ವಿಮೆಯವರಿಗೆ ಬರೆಯುವ ಪತ್ರವೂ ಅರ್ಜಿಯೇ ಆಗಿಬಿಡುತ್ತದೆ. ನಮ್ಮ ಹುಡುಗರಿಗೆ ಇಂಗ್ಲಿಷ್ ಪತ್ರ ಬರುವುದಿಲ್ಲ ಎಂದು ದೂರುವವರು ವ್ಯಾಕರಣದ ಕಡೆ ಬೆರಳು ತೋರಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹುಡುಗರ ವ್ಯಾಕರಣ ಪರವಾಗಿಲ್ಲ. ದುಡ್ಡು ಕೊಟ್ಟು ಸರಕು ತರಿಸಿದವನು ಕೈಮುಗಿದು ನಿಂತು ಬರೆಯುತ್ತಾನಲ್ಲ, ಎಡವಟ್ಟಾಗುವುದು ಅಲ್ಲಿ.

ಮಂಗಳೂರು, ಬೆಂಗಳೂರಿನಲ್ಲಿರುವ ನನ್ನ ನೆಂಟರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ಅಲ್ಲಿ ತಾಲೂಕು ಕಚೇರಿಗೆ ಕನ್ನಡದಲ್ಲಿ ಬರೆದುಕೊಟ್ಟರಾಯಿತು. ಇಂಗ್ಲಿಷ್ ಬೇಕಾಗುವುದು ಕಂಪೆನಿ ವ್ಯವಹಾರಕ್ಕೆ ಮಾತ್ರ. ನಮಗೆ ಇಲ್ಲಿ ಕನ್ನಡದಲ್ಲಿ ಬರೆದರೆ ಮೇಜಿನ ಆಚೆ ಕೂತವರಿಗೆ ಓದಲು ಬರುವುದಿಲ್ಲ, ಮಲಯಾಳದಲ್ಲಿ ಬರೆಯಲು ನಮ್ಮಲ್ಲಿ ಹಲವರಿಗೆ ಬರುವುದಿಲ್ಲ. ಇಬ್ಬರೂ ಇಂಗ್ಲಿಷಿನಲ್ಲಿ ಭೇಟಿಯಾಗುತ್ತೇವೆ. ಹಾಗೆಂದು ಹಕ್ಕು ಬಿಡಬೇಕಾಗಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖೆಗಳ ಮುಖ್ಯ ಕಚೇರಿಗೆ, ತಾವು ಜಾಸ್ತಿ ಇರುವ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಅಲ್ಲಿಗೆ ಕನ್ನಡದಲ್ಲೇ ಬರೆಯಿರಿ ಎನ್ನುವವನು ನಾನು. ಕೊಯಮತ್ತೂರಿನ ಗೋಣಿ ವ್ಯಾಪಾರಿಗೆ ಮಾತ್ರ ಆ ಕಾಯ್ದೆ ಲಾಗುವಾಗುವುದಿಲ್ಲ.

ಗೋಣಿಯ ಮಾತು ಸುಮ್ನೆ ಬಂದದ್ದಲ್ಲ. ಬದಿಯಡ್ಕದ ಕಡೆಯ ಒಬ್ಬ ಅಡಿಕೆ ವ್ಯಾಪಾರಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ತುಂಬಿಸಲು ಗೋಣಿ ತರಿಸಿದ್ದರು. ಹೇಳಿದ್ದು 500, ಬಂದದ್ದು 300. ಅಂಗಡಿಯ ಹುಡುಗ ಇಂಗ್ಲಿಷಿನಲ್ಲಿ ಬರೆದ ಪತ್ರವನ್ನು ನನಗೆ ತೋರಿಸಿದರು. ಮೊದಲು ‘ರೆಸ್ಪೆಕ್ಟೆಡ್ ಸರ್’. ಆಮೇಲೆ ‘ವಿತ್ ಡ್ಯೂ ರೆಸ್ಪೆಕ್ಟ್’. ನಾವು ತಮ್ಮ ಹಳೆಯ ಗಿರಾಕಿಗಳು ಎಂದು ಒಂದು ಪ್ಯಾರಾ. ಮಳೆಗಾಲ ಹತ್ತಿರ ಬಂತು, ಅಡಿಕೆ ಹಾಳಾದೀತು ಎಂದು ಇನ್ನೊಂದು. 200 ಗೋಣಿ ಕಡಿಮೆ ಬಂದಿದೆ ಎಂಬ ಮಾತು ಮೂರನೇ ಪ್ಯಾರಾದ ನಡುವೆ ಎಲ್ಲೋ ಕೂತಿತ್ತು. ಕೊನೆಗೆ ‘ಕೈಂಡ್ಲಿ ಡು ದ ನೀಡ್‌ಫುಲ್’. ಏನು ಮಾಡಬೇಕು? ಗೋಣಿ ಕಳಿಸಬೇಕಾ, ಹಣ ವಾಪಸ್ ಕೊಡಬೇಕಾ? ಯಾವಾಗ? ಅದು ಪತ್ರದಲ್ಲೇ ಇರಲಿಲ್ಲ.

ಅದನ್ನು ಹೀಗೆ ಮಾಡಿದೆವು. ಮೇ 12ರ ನಮ್ಮ ಆರ್ಡರಿನ 500 ಗೋಣಿಗಳಲ್ಲಿ ನಿನ್ನೆ 300 ತಲುಪಿವೆ. ಉಳಿದ 200ನ್ನು ಮೇ 30ರ ಒಳಗೆ ಕಳಿಸಿ. ಆಗದಿದ್ದರೆ ಅವುಗಳ ಹಣ ವಾಪಸ್ ಮಾಡಿ. ಇನ್‌ವಾಯ್ಸ್ ಮತ್ತು ಲಾರಿ ರಸೀದಿಯ ನಕಲು ಜೊತೆಗಿದೆ. ಅಷ್ಟೇ. ವ್ಯಾಪಾರಿಗೆ ಸ್ವಲ್ಪ ಕಸಿವಿಸಿಯಾಯಿತು. ‘ಜಗಳ ಮಾಡಿದ ಹಾಗೆ ಕಾಣುವುದಿಲ್ವಾ?’ ಎಂದು ಕೇಳಿದರು. ಇಲ್ಲ. ಓದುವವನಿಗೆ ದಿನಕ್ಕೆ ಇಂಥ ಹತ್ತಾರು ಪತ್ರ ಬರುತ್ತವೆ. ಅವನ ಸಮಯ ಉಳಿಸುವುದೇ ಅಲ್ಲಿ ಮರ್ಯಾದೆ. ಒಂದು ‘ಪ್ಲೀಸ್’ ಇದ್ದರೆ ಸಾಕು.

ನಮ್ಮ ಕನ್ನಡ ಪತ್ರದ ಕ್ರಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ‘ಏನು ಕೆಲಸ?’ ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಪತ್ರವೂ ಹಾಗೆಯೇ ಬೆಳೆದದ್ದು. ಕ್ಷೇಮ ಹೇಳಿ, ಕ್ಷೇಮ ಕೇಳಿ, ಆಮೇಲೆ ವಿಷಯ. ಕೆಲವರು ಅಷ್ಟನ್ನೂ, ‘ಉಭಯ ಕುಶಲೋಪರಿ ಸಾಂಪ್ರತ’ ಎಂಬುದನ್ನು, ‘ಉ.ಕು.ಸಾಂಪ್ರತ’ ಎಂದು ಚುಟುಕಾಗಿಸಿ ಮುಂದೆ ಹೋಗುತ್ತಿದ್ದರು. ನನಗೆ ಅದು ಬಹಳ ಇಷ್ಟ. ಅವಸರದಲ್ಲೂ ಉಪಚಾರ ಬಿಡದ ಜನ!

ಆ ಹಳೆಯ ಪತ್ರಗಳಲ್ಲಿ ಇನ್ನೊಂದು ಶಿಸ್ತಿತ್ತು. ಅಪ್ಪನಿಗೆ ಬರೆದರೆ ಮೇಲೆ ‘ತೀರ್ಥರೂಪರಿಗೆ’, ಕೆಳಗೆ ಆಶೀರ್ವಾದ ಬೇಡುವ ಮಗ. ಕಿರಿಯರಿಗೆ ಬರೆದರೆ ಮೇಲೆ ‘ಚಿರಂಜೀವಿ’, ಕೆಳಗೆ ಆಶೀರ್ವಾದಗಳು. ಚಿರಂಜೀವಿ ಎಂದು ಶುರು ಮಾಡಿ ಸಾಷ್ಟಾಂಗ ನಮಸ್ಕಾರದಲ್ಲಿ ಮುಗಿಸಿದರೆ ಊರೇ ನಗುತ್ತಿತ್ತು. ಬ್ರಿಟಿಷ್ ರೀತಿಯ ಪತ್ರದಲ್ಲೂ ಇರುವುದು ಇದೇ ಜೋಡಿ. ಹೆಸರು ಗೊತ್ತಿಲ್ಲದೆ ‘ಡಿಯರ್ ಸರ್’ ಎಂದರೆ ಕೊನೆಗೆ ‘ಯುವರ್ಸ್ ಫೇತ್‌ಫುಲಿ’. ಹೆಸರು ಹಿಡಿದು ಕರೆದರೆ ‘ಯುವರ್ಸ್ ಸಿನ್ಸಿಯರ್ಲಿ’. ಅಮೆರಿಕದವರು ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ‘ಸಿನ್ಸಿಯರ್ಲಿ’ ಅಂದರೆ ಅವರಿಗೆ ಆಯಿತು. ನಮ್ಮ ಶಾಲೆಗಳಲ್ಲಿ ಈ ಜೋಡಿಯನ್ನು ಬಾಯಿಪಾಠ ಮಾಡಿಸುತ್ತಾರೆ. ಅಜ್ಜನ ಪೆಟ್ಟಿಗೆಯಿಂದ ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದು ತೋರಿಸಿದರೆ ಮಕ್ಕಳಿಗೆ ಒಂದೇ ಸಲಕ್ಕೆ ಹಿಡಿಯುತ್ತದೆ.

‘ಯುವರ್ಸ್ ಒಬೀಡಿಯೆಂಟ್ಲಿ’ಯನ್ನು ಮಾತ್ರ ಇನ್ನಾದರೂ ಬಿಡಬೇಕು. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ನಮ್ಮ ಕಲೆಕ್ಟರ್ ಮಂಗಳೂರಲ್ಲಿದ್ದರು. ಆಗಿನ ಸರಕಾರಿ ಪತ್ರಗಳಲ್ಲಿ ‘ನಿಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುವುದಿತ್ತು. ಬ್ರಿಟಿಷ್ ಅಧಿಕಾರಿಗಳು ತಮ್ಮತಮ್ಮಲ್ಲೇ ಹಾಗೆ ಬರೆದುಕೊಳ್ಳುತ್ತಿದ್ದರು. ಅವರು ಅದನ್ನು ಯಾವತ್ತೋ ಕೈಬಿಟ್ಟರು. ರಜಾ ಅರ್ಜಿಯಲ್ಲಿ ಅದರ ಬಾಲ ಹಿಡಿದುಕೊಂಡು ಕೂತವರು ನಾವು.

ಇನ್ನು ಪತ್ರದ ಜೋಡಣೆ. ಬಾಳೆ ಎಲೆಯ ಊಟದಲ್ಲಿ ಉಪ್ಪು, ಉಪ್ಪಿನಕಾಯಿ ಎಲ್ಲಿ, ಪಲ್ಯ ಎಲ್ಲಿ ಎಂದು ಬಡಿಸುವವನಿಗೂ ಉಣ್ಣುವವನಿಗೂ ಗೊತ್ತಿರುತ್ತದೆ, ಅಲ್ವಾ? ಪತ್ರದ ಹಾಳೆಯೂ ಅಷ್ಟೇ. ಈಗ ಎಲ್ಲ ಕಡೆ ನಡೆಯುವುದು ಪೂರ್ತಿ ಎಡಕ್ಕೆ ಒತ್ತಿದ ರೀತಿ. ಎ4 ಹಾಳೆ, ಸುತ್ತ ಸುಮಾರು ಒಂದು ಇಂಚು ಖಾಲಿ. ಮೇಲೆ ಕಳಿಸುವವರ ವಿಳಾಸ. ಲೆಟರ್‌ಹೆಡ್ ಇದ್ದರೆ ಅದೂ ಬೇಡ. ಆಮೇಲೆ ತಾರೀಕು, ಪಡೆಯುವವರ ಹೆಸರು, ಹುದ್ದೆ, ವಿಳಾಸ. ಪ್ಯಾರಾದ ಮೊದಲ ಸಾಲನ್ನು ಒಳಗೆ ತಳ್ಳುವುದಿಲ್ಲ, ಎರಡು ಪ್ಯಾರಾಗಳ ನಡುವೆ ಒಂದು ಸಾಲು ಬಿಡುತ್ತಾರೆ. ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಹಳಬರು ಈಗಲೂ ಐದು ಸ್ಪೇಸ್ ಒತ್ತಿಯೇ ಪ್ಯಾರಾ ಶುರು ಮಾಡುತ್ತಾರೆ. ಅದೂ ತಪ್ಪಲ್ಲ, ಆದರೆ ಎರಡನ್ನೂ ಬೆರೆಸಬಾರದು. ಸಹಿಗೆ ಮೂರು ನಾಲ್ಕು ಸಾಲು ಜಾಗ ಬಿಡಬೇಕು. ಕೆಳಗೆ ಹೆಸರು, ಹುದ್ದೆ, ಅದರ ಕೆಳಗೆ ಜೊತೆಗಿಟ್ಟ ಕಾಗದಗಳ ಪಟ್ಟಿ. ಪತ್ರ ಎರಡನೇ ಪುಟಕ್ಕೆ ಹೋದರೆ ಬರೀ ಸಹಿ ಒಂದೇ ಅಲ್ಲಿಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ಎರಡು ಸಾಲಾದರೂ ವಿಷಯ ಜೊತೆಗಿರಲಿ.

ಇಲ್ಲಿ ನಮ್ಮ ಹುಡುಗರಿಗೆ ಗೊಂದಲವಾಗುವುದು ಸಹಜ. ಮಲಯಾಳ ಪತ್ರದಲ್ಲಿ ಮೊದಲು ‘ಪ್ರೇಷಕನ್’, ಆಮೇಲೆ ‘ಸ್ವೀಕರ್ತಾವ್’. ಕನ್ನಡದಲ್ಲಿ ‘ಇವರಿಂದ’, ‘ಇವರಿಗೆ’. ಅದೇ ರೂಢಿಯಲ್ಲಿ ಇಂಗ್ಲಿಷಿನಲ್ಲೂ ‘ಫ್ರಮ್’, ‘ಟು’ ಎಂದು ದೊಡ್ಡದಾಗಿ ಬರೆಯುತ್ತಾರೆ. ವ್ಯವಹಾರ ಪತ್ರದಲ್ಲಿ ಅವೆರಡೂ ಬೇಡ. ಯಾರ ವಿಳಾಸ ಯಾವುದೆಂದು ಅದು ಕೂತ ಜಾಗವೇ ಹೇಳುತ್ತದೆ. ಕೆಳಗೆ ಎಡಬದಿಯಲ್ಲಿ ಸ್ಥಳ, ದಿನಾಂಕ ಹಾಕುವುದು ಅರ್ಜಿ ಫಾರ್ಮಿನ ಅಭ್ಯಾಸ. ವಿಷಯದ ಸಾಲು ನಮ್ಮ ಸರಕಾರಿ ಪತ್ರದಲ್ಲಿ ‘ಸರ್’ಗಿಂತ ಮೇಲೆ ಬರುತ್ತದೆ, ಬ್ರಿಟಿಷ್ ವ್ಯವಹಾರ ಪತ್ರದಲ್ಲಿ ಕೆಳಗೆ. ಎಲ್ಲಿದ್ದರೂ ನಡೆಯುತ್ತದೆ, ಆದರೆ ಆ ಸಾಲಿನಲ್ಲಿ ಹುರುಳಿರಬೇಕು. ‘ರಿಗಾರ್ಡಿಂಗ್ ಗೋಣಿ’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಮೇ 12ರ ಆರ್ಡರ್: 200 ಗೋಣಿ ಬಾಕಿ’ ಎಂದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಇದರಲ್ಲಿ ನಮ್ಮ ಮಲಯಾಳಿ ನೆರೆಹೊರೆಯವರು ನಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ ಎಂದೇ ನನ್ನ ಅನಿಸಿಕೆ. ಅವರ ಶಾಲೆ ಬೇರೆಯೇನಲ್ಲ, ಅಲ್ಲೂ ‘ಫ್ರಮ್’, ‘ಟು’ ಇದೆ. ಅವರಿಗೆ ಕಲಿಸಿದ್ದು ಗಲ್ಫ್. ದುಬೈ, ಶಾರ್ಜಾದ ಆಫೀಸುಗಳಲ್ಲಿ ಗುಮಾಸ್ತರಾಗಿ ಕೆಲಸ ಮಾಡಿ ಬಂದವರು ಉಪ್ಪಳದಲ್ಲೂ ಇದ್ದಾರೆ, ಕಾಞಂಗಾಡಿನಲ್ಲೂ ಇದ್ದಾರೆ. ಅವರ ಪತ್ರದಲ್ಲಿ ರೆಫರೆನ್ಸ್ ನಂಬರ್ ತಪ್ಪುವುದಿಲ್ಲ. ತಾರೀಕನ್ನು 05/06/2025 ಎಂದು ಬರೆಯುವುದೂ ಇಲ್ಲ. ಅದು ನಮಗೆ ಜೂನ್ 5, ಅಮೆರಿಕದ ಕಂಪೆನಿಗೆ ಮೇ 6. ತಿಂಗಳನ್ನು ಅಕ್ಷರದಲ್ಲಿ ಬರೆದರೆ ಈ ಗಲಾಟೆಯೇ ಇಲ್ಲ. ಕನ್ನಡಿಗರಲ್ಲೂ ಗಲ್ಫಿಗೆ ಹೋದವರು ಹೀಗೇ ಬರೆಯುತ್ತಾರೆ, ಅದು ಬೇರೆ ಮಾತು.

ಹೆಸರಿನ ತೊಂದರೆ ಮಾತ್ರ ಇಲ್ಲಿಯದೇ. ಸುರೇಶ್ ಕೆ. ಎಂಬವರಿಗೆ ‘ಡಿಯರ್ ಮಿಸ್ಟರ್ ಕೆ.’ ಎಂದು ಬರೆದದ್ದನ್ನು ನೋಡಿದ್ದೇನೆ. ಕೊನೆಯ ಹೆಸರು ಹಿಡಿದು ಕರೆಯಬೇಕು ಎಂಬ ನಿಯಮ ಓದಿ ಬಂದವರ ಕೆಲಸ! ನಮ್ಮಲ್ಲಿ ‘ಮಿಸ್ಟರ್ ಸುರೇಶ್’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಊರ ಹೆಸರೂ ಹಾಗೆಯೇ. ಮಂಜೇಶ್ವರ, ಕುಂಬಳೆಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಬೋರ್ಡಿಗೊಂದು, ಕಾರ್ಡಿಗೊಂದು. ಅದಕ್ಕೆ ‘ಮಂಜೇಶ್ವರಂ’ ಎಂಬಂತೆ ಮಲಯಾಳದ ಬಾಲ ಸೇರಿಸುವುದು ನನಗೂ ಹಿಡಿಸುವುದಿಲ್ಲ. ಆದರೂ ಬ್ಯಾಂಕಿಗೆ ಬರೆಯುವಾಗ ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ ಬರೆಯಿರಿ, ಪಿನ್ ಕೋಡ್ ಸಮೇತ. ಆ ಜಗಳಕ್ಕೆ ಬೇರೆ ಜಾಗವಿದೆ.

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವವರಿಗೆ ನನ್ನದೊಂದು ಸಲಹೆ ಇದೆ. ಮಕ್ಕಳಿಂದ ಬರೆಸುವುದೆಲ್ಲ ಕೇಳುವ ಪತ್ರಗಳೇ. ರಜೆ ಕೊಡಿ, ಬಸ್ಸು ಕೊಡಿ, ದಾರಿದೀಪ ಹಾಕಿಸಿಕೊಡಿ. ಒಂದು ಸಲ ಉತ್ತರ ಬರೆಸಿ ನೋಡಿ. ನೀನೇ ಗೋಣಿ ವ್ಯಾಪಾರಿ, ಬದಿಯಡ್ಕದಿಂದ ಹೀಗೊಂದು ದೂರು ಬಂದಿದೆ, ಏನು ಬರೆಯುತ್ತೀ ಎಂದು ಕೇಳಿ. ಆಗ ಅವನು ಮೊದಲು ಬಂದ ಪತ್ರವನ್ನು ಓದಬೇಕಾಗುತ್ತದೆ. ತಾರೀಕು ಎಲ್ಲಿದೆ, ಎಷ್ಟು ಗೋಣಿ ಬಾಕಿ, ಯಾವಾಗ ಬೇಕಂತೆ ಎಂದು ಹುಡುಕಬೇಕಾಗುತ್ತದೆ. ಎರಡು ಪ್ಯಾರಾ ಯೋಗಕ್ಷೇಮ ದಾಟಿ ಹೋಗುವಷ್ಟರಲ್ಲಿ ಅವನಿಗೇ ಸಿಟ್ಟು ಬರುತ್ತದೆ.