ಮಳೆ ನೀರಿಗೂ ಚೇಂಬರೇ ಬೇಕಾ?

ಹೋದ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಗೆ ನಮ್ಮ ಬೀದಿಯ ಚೇಂಬರ್, ಅಂದರೆ ಒಳಚರಂಡಿಯ ಮ್ಯಾನ್‌ಹೋಲ್, ಉಕ್ಕಿತು. ಉಕ್ಕಿದ್ದು ಬೀದಿಯಲ್ಲಿ, ಬಂದದ್ದು ನಮ್ಮ ಬಚ್ಚಲಿಗೆ. ಬೆಂಗಳೂರಲ್ಲಿ ನೆಲಮಹಡಿ ಮನೆ ಅಂದರೆ ಹಾಗೇ. ಇಡೀ ಬೀದಿಯ ಪಾಪ ಮೊದಲು ನಮಗೇ ದರ್ಶನ ಕೊಡುತ್ತದೆ.

ಮಾರನೇ ದಿನ ಜೋರಾಗಿ ನೀರು ಹಾಯಿಸಿ ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿ ಬಂತು. ಬಟ್ಟೆ ಚೂರು, ಪ್ಯಾಡು, ಸಿಮೆಂಟ್ ಗಾರೆ, ಮೇಣದ ಹಾಗೆ ಗಟ್ಟಿಯಾದ ಎಣ್ಣೆ ಜಿಡ್ಡು, ಎಲ್ಲ ಹೊರಗೆ ಬಂತು. ಇದೆಲ್ಲ ಇರುತ್ತೆ ಅಂತ ಗೊತ್ತಿತ್ತು. ಆದರೆ ಗಾಡಿಯ ಜೊತೆ ಬಂದಿದ್ದ ಹಿರಿಯರೊಬ್ಬರು ಚೇಂಬರ್ ಬಿಟ್ಟು ನಮ್ಮ ಗೋಡೆ ನೋಡುತ್ತಾ ನಿಂತರು.

"ಅಮ್ಮಾ, ತಾರಸಿ ನೀರು ಎಲ್ಲಿಗೆ ಬಿಟ್ಟಿದ್ದೀರಿ?"

"ಗೊತ್ತಿಲ್ಲ ಅಣ್ಣ."

"ನನಗೆ ಗೊತ್ತು. ಈ ಚೇಂಬರಿಗೇ ಬಿಟ್ಟಿದ್ದೀರಿ."

ನಿಜ. ಮನೆ ಕಟ್ಟುವಾಗ ಹತ್ತಿರ ಸಿಕ್ಕಿದ್ದು ಅದೇ ಅಂತ ಯಾರೋ ಜೋಡಿಸಿಬಿಟ್ಟಿದ್ದರು.

ನಮ್ಮೂರಲ್ಲಿ ನೀರಿಗೆ ಎರಡು ದಾರಿ. ಮಳೆ ನೀರು ರಸ್ತೆ ಬದಿಯ ಚರಂಡಿಯಿಂದ ರಾಜಕಾಲುವೆಗೆ (ಮಳೆ ನೀರಿನ ದೊಡ್ಡ ಕಾಲುವೆ), ಅಲ್ಲಿಂದ ಕೆರೆಗೆ. ಮನೆಯ ಕೊಳಚೆ ಯುಜಿಡಿಯಲ್ಲಿ, ಅಂದರೆ ನೆಲದಡಿಯ ಒಳಚರಂಡಿಯಲ್ಲಿ, ಎಸ್‌ಟಿಪಿಗೆ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಕ್ಕೆ. ಯುಜಿಡಿ ಪೈಪನ್ನು ಮನೆಗಳಲ್ಲಿ ಬಳಸುವ ನೀರಿನ ಲೆಕ್ಕದಲ್ಲಿ ಹಾಕಿರುತ್ತಾರೆ, ಮಳೆಯ ಲೆಕ್ಕದಲ್ಲಲ್ಲ.

ಸುಮ್ನೆ ಲೆಕ್ಕ ಹಾಕಿ ನೋಡಿದೆ. ತಲೆಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಜನರ ಮನೆಗೆ 540 ಲೀಟರ್. 30x40 ಅಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್. ಹತ್ತು ದಿನ ಬಳಸುವಷ್ಟು ನೀರು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. ಬೀದಿಯ ಹತ್ತು ಮನೆಯವರು ಹೀಗೇ ಬಿಟ್ಟರೆ ಚೇಂಬರ್ ಉಕ್ಕದೆ ಏನು ಮಾಡುತ್ತೆ?

ಕಾನೂನು ಇಲ್ಲ ಅಂತಲ್ಲ. ಮಳೆ ನೀರನ್ನು ಯುಜಿಡಿಗೆ ಬಿಡುವ ಹಾಗಿಲ್ಲ. ಬೆಂಗಳೂರು ಜಲಮಂಡಳಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆಕೊಯ್ಲು ಕಡ್ಡಾಯ ಮಾಡಿದ್ದಾರೆ. ಎಸ್‌ಟಿಪಿಯಿಂದ ಹೊರಬೀಳುವ ನೀರು ಹೇಗಿರಬೇಕು ಅಂತ ನೋಡೋಕೆ 1974ರ ಜಲ ಕಾಯ್ದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಆದರೆ ನನ್ನ ಗೋಡೆಯ ಪೈಪ್ ಎಲ್ಲಿಗೆ ಇಳಿದಿದೆ ಅಂತ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ ಬಿಡಿ.

ಇದರ ಉಲ್ಟಾನೂ ನಡೆಯುತ್ತೆ. ಕೊಳಚೆ ರಾಜಕಾಲುವೆ ಸೇರುತ್ತದೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಎಲ್ಲ ನೋಡಿದ್ದೀವಲ್ಲ. ಒಟ್ಟಿನಲ್ಲಿ ಮಳೆ ನೀರು ಕೊಳಚೆ ದಾರಿಯಲ್ಲಿ, ಕೊಳಚೆ ಮಳೆ ನೀರಿನ ದಾರಿಯಲ್ಲಿ.

ನನಗೆ ಜಾಸ್ತಿ ಹೆದರಿಕೆ ಆಗೋದು ಗಾಡಿ ಹೋಗದ ಸಂದಿಗಳನ್ನು ನೆನೆದರೆ. ಅಲ್ಲಿ ಕಟ್ಟಿಕೊಂಡರೆ "ಯಾರನ್ನಾದರೂ ಇಳಿಸಿ, ಐನೂರು ಜಾಸ್ತಿ ಕೊಡೋಣ" ಅನ್ನುವವರು ಈಗಲೂ ಇದ್ದಾರೆ. ರಕ್ಷಣೆ ಇಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸಿದರೆ 2013ರ ಕಾಯ್ದೆಯಲ್ಲಿ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಇದೆ. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದರೂ ಜನ ಸಾಯೋದು ನಿಂತಿಲ್ಲ. ನಮ್ಮ ತಾರಸಿ ನೀರು, ನಮ್ಮ ಎಣ್ಣೆ, ನಮ್ಮ ಪ್ಯಾಡು. ಇಳಿಯೋದು ಮಾತ್ರ ಬೇರೆಯವರ ಮಗ.

ನಮ್ಮ ತಾರಸಿ ಪೈಪನ್ನು ನೆಲದೊಳಗಿನ ನೀರಿನ ತೊಟ್ಟಿಗೆ (ಸಂಪ್) ತಿರುಗಿಸಿದ್ದಾಯಿತು. ನಡುವೆ ಒಂದು ಫಿಲ್ಟರ್. ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಪಕ್ಕದ ಮನೆಯವರಿಗೂ ಹೇಳಿದೆ. "ನಮ್ಮದು ಹದಿನೈದು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ" ಅಂದರು.

ಅವರ ಮನೆ ನಮ್ಮದಕ್ಕಿಂತ ಮೂರಡಿ ಎತ್ತರದಲ್ಲಿದೆ.