ಒಗ್ಗರಣೆ ಪರೀಕ್ಷೆ

ಒಗ್ಗರಣೆಗೆ ಕೆಂಪಾಗದ ಏರ್ ಪ್ಯೂರಿಫೈಯರನ್ನು ನಂಬಬಾರದು. ಸಾಸಿವೆ ಸಿಡಿದು, ಮೆಣಸಿನಕಾಯಿ ಕಪ್ಪಿಟ್ಟು, ಮನೆಮಂದಿಯೆಲ್ಲ ಕೆಮ್ಮುತ್ತಿರುವಾಗಲೂ ಅದು ನಡುಮನೆಯ ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು ತಣ್ಣಗೆ ಕೂತಿದ್ದರೆ ಅದರ ಸೆನ್ಸರ್ ಕೆಟ್ಟಿದೆ ಎಂದೇ ಲೆಕ್ಕ. ಆರೋಗ್ಯವಂತ ಯಂತ್ರ ಒಗ್ಗರಣೆಗೆ ಕೆಂಪಾಗಬೇಕು, ಫ್ಯಾನ್ ಜೋರು ಮಾಡಿಕೊಂಡು ಒಂದಿಷ್ಟು ಕೂಗಾಡಬೇಕು, ಊಟ ಮುಗಿದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿರಾಗಬೇಕು. ಅಡುಗೆಮನೆಗೆ ಬಾಗಿಲೇ ಇಲ್ಲದ ಈಗಿನ ಫ್ಲ್ಯಾಟುಗಳಲ್ಲಿ ಈ ಪರೀಕ್ಷೆಗೆ ಬೇರೆ ಏರ್ಪಾಡೂ ಬೇಡ.

ನಮ್ಮ ಮನೆಯದಕ್ಕೆ ಹಿಡಿದದ್ದು ಇದರ ತದ್ವಿರುದ್ಧ ಕಾಯಿಲೆ. ಅದು ಹಸಿರಾಗುವುದನ್ನೇ ಮರೆತುಬಿಟ್ಟಿತು. ಒಲೆ ಹಚ್ಚುವ ಮೊದಲೂ ಕೆಂಪು, ಎಲ್ಲರೂ ಮಲಗಿದ ಮೇಲೂ ಕೆಂಪು. ಆಟೋ ಮೋಡಿನಲ್ಲಿ ಫ್ಯಾನು ಸೆನ್ಸರ್ ಹೇಳಿದಂತೆ ಕುಣಿಯುವುದರಿಂದ ರಾತ್ರಿಯಿಡೀ ಭರ್ರೋ ಎಂಬ ಸದ್ದು. ಸದ್ದನ್ನಾದರೂ ಸಹಿಸಬಹುದಿತ್ತು. ಮನೆಯಲ್ಲಿ ಶುರುವಾದ ವಿಚಾರಣೆಯನ್ನು ಸಹಿಸುವುದು ಕಷ್ಟವಾಯಿತು. ಹೊಗೆ, ಧೂಳು ಅಂದಕೂಡಲೇ ಅನುಮಾನ ಮೊದಲು ದೇವರಮನೆಯ ಕಡೆ ತಿರುಗುತ್ತದೆ. “ನಾನು ಇವತ್ತು ಸಾಂಬ್ರಾಣಿ ಹಾಕೇ ಇಲ್ಲ ಕಣೋ, ನನ್ನ ಮೇಲೆ ಹೇಳಬೇಡ” ಎಂದು ಅಮ್ಮ ಕೇಳುವ ಮೊದಲೇ ಜಾಮೀನು ತೆಗೆದುಕೊಂಡರು. ಆಮೇಲೆ ಸರದಿ ಮಗಳ ಪೌಡರಿನದು. ಅವಳು ಡಬ್ಬಿ ಅಲ್ಲಾಡಿಸಿದರೆ ಕೋಣೆಯಲ್ಲಿ ಏಳುವ ಮೋಡ ನೋಡಿದರೆ ಆರೋಪ ಪೂರ್ತಿ ಸುಳ್ಳೆನ್ನುವಂತಿರಲಿಲ್ಲ. ಕೊನೆಗೆ ನನ್ನ ಪುಸ್ತಕದ ಕಪಾಟು ಕಟಕಟೆ ಹತ್ತಿತು. ಮೂಗಿಗೆ ಏನೂ ತಿಳಿಯುತ್ತಿಲ್ಲವಲ್ಲ, ದೀಪ ಸುಳ್ಳು ಹೇಳುತ್ತಿರಬಹುದಲ್ಲ ಎಂದು ಯಾರೂ ಕೇಳಲಿಲ್ಲ. ಅಂಕಿ ತೋರಿಸುವ ವಸ್ತು ಸುಳ್ಳು ಹೇಳುತ್ತದೆ ಎಂದು ನಂಬಲು ನಮಗೆ ಮನಸ್ಸೇ ಬರುವುದಿಲ್ಲ.

ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ ಸಿದ್ಧ ಉತ್ತರ: “ಫಿಲ್ಟರ್ ಚೇಂಜ್ ಮಾಡಿ ನೋಡಿ ಸರ್.” ಫಿಲ್ಟರು ಹಳೆಯದಾದರೆ ಕೋಣೆ ಶುದ್ಧವಾಗುವುದು ನಿಧಾನವಾದೀತು, ನಿಜ. ಆದರೆ ಚೆನ್ನಾಗಿ ಮಳೆ ಸುರಿದು ನಿಂತ ಬೆಳಗ್ಗೆ ಯಂತ್ರವನ್ನು ಬಾಲ್ಕನಿ ಬಾಗಿಲಿಗೆ ತಂದಿಟ್ಟರೂ ಅಂಕಿ ಕದಲಲಿಲ್ಲ. ಹೊರಗಿನ ತೊಳೆದ ಗಾಳಿಗೂ ಒಳಗಿನ ಗಾಳಿಗೂ ಅದಕ್ಕೆ ವ್ಯತ್ಯಾಸವೇ ಕಾಣದಿದ್ದರೆ ದೋಷ ಅದರ ಶ್ವಾಸಕೋಶದ್ದಲ್ಲ, ಕಣ್ಣಿನದು.

ಕಣ್ಣು ಅಂದದ್ದು ಸುಮ್ಮನೆ ಅಲ್ಲ. ಹಂಚಿನ ಮನೆಯಲ್ಲಿ ಬೆಳೆದವರು ಈ ಸೆನ್ಸರನ್ನು ಚಿಕ್ಕಂದಿನಲ್ಲೇ ನೋಡಿದ್ದಾರೆ. ಮಾಡಿನ ಗಾಜಿನ ಹಂಚಿನಿಂದ ಬಿಸಿಲಕೋಲು ಇಳಿದಾಗ, ಅಲ್ಲಿಯವರೆಗೆ ಖಾಲಿಯಾಗಿದ್ದ ಗಾಳಿಯಲ್ಲಿ ಸಾವಿರಾರು ಕಣ ತೇಲುತ್ತಿದ್ದವಲ್ಲ, ಯಂತ್ರದೊಳಗೂ ಅಷ್ಟೇ. ಬೆಂಕಿಪೊಟ್ಟಣದಷ್ಟು ದೊಡ್ಡ ಕತ್ತಲೆಗೂಡು, ಅದರಲ್ಲಿ ಒಂದು ಲೇಸರ್ ಅಥವಾ ಅತಿಗೆಂಪು ಬೆಳಕಿನ ಕೋಲು, ಓರೆಯಲ್ಲಿ ಕೂತು ನೋಡುವ ಒಂದು ಫೋಟೋಡಯೋಡ್, ಅಂದರೆ ಬೆಳಕು ಬಿದ್ದರೆ ವಿದ್ಯುತ್ ಸಂಕೇತ ಕೊಡುವ ಬಿಡಿಭಾಗ. ಕಣ ಅಡ್ಡ ಬಂದರೆ ಬೆಳಕು ಚೆದುರುತ್ತದೆ, ಚೆದುರಿದ್ದನ್ನು ನೋಡಿ ಧೂಳಿನ ಲೆಕ್ಕ. ಲೇಸರಿನ ಗೂಡಿಗೆ ಗಾಳಿ ಎಳೆಯಲು ಉಗುರಗಲದ ಫ್ಯಾನ್ ಇರುತ್ತದೆ. ಅಗ್ಗದ ನಮೂನೆಗಳಲ್ಲಿ ಅದೂ ಇಲ್ಲ. ತಳದಲ್ಲಿ ಸಣ್ಣ ರೆಸಿಸ್ಟರ್ ಒಂದು ಬೆಚ್ಚಗಾಗಿ ಗಾಳಿಯನ್ನು ಮೇಲೇರಿಸುತ್ತದೆ.

ಬಿಸಿಲಕೋಲಿನ ಧೂಳನ್ನು ಅಳತೆಗೆ ಹಿಡಿದದ್ದು ಇವತ್ತು ನಿನ್ನೆಯಲ್ಲ. ಮನುಸ್ಮೃತಿಯ ತೂಕದ ಪಟ್ಟಿ ಶುರುವಾಗುವುದೇ ಅಲ್ಲಿಂದ. ಜಾಲಂದ್ರದಿಂದ ಬಿದ್ದ ಬಿಸಿಲಿನಲ್ಲಿ ಕಾಣುವ ಕಣ ತ್ರಸರೇಣು, ಅದೇ ಮೊದಲ ಮಾನ. 8 ತ್ರಸರೇಣುವಿಗೆ ಒಂದು ಹೇನಿನ ಸೀರು, 3 ಸೀರಿಗೆ ಒಂದು ಕರಿಸಾಸಿವೆ, 3 ಕರಿಸಾಸಿವೆಗೆ ಒಂದು ಬಿಳಿಸಾಸಿವೆ, 6 ಬಿಳಿಸಾಸಿವೆಗೆ ಒಂದು ಜವೆ, 3 ಜವೆಗೆ ಒಂದು ಗುಲಗಂಜಿ. ಗುಣಿಸಿದರೆ ಗುಲಗಂಜಿಗೆ 1,296 ತ್ರಸರೇಣು. ಅಕ್ಕಸಾಲಿಗರ ಗುಲಗಂಜಿ ಸುಮಾರು 120 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಂದು ತ್ರಸರೇಣು ಹತ್ತಿರಹತ್ತಿರ 90 ಮೈಕ್ರೋಗ್ರಾಂ ಆಯಿತು. ಈಗ 2009ರಿಂದ ಜಾರಿಯಲ್ಲಿರುವ ನಮ್ಮ ದೇಶದ ಮಾನದಂಡ ನೋಡಿ: ಪಿಎಂ 2.5 ಧೂಳು (2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ) ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ಅಂದರೆ ಬೀರುವಿನಷ್ಟು ಗಾಳಿಗೆ ಒಂದು ತ್ರಸರೇಣುವಿನ ಭಾರವೂ ಹೆಚ್ಚೇ! ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿ ಕೂತಿದೆ. ಇಷ್ಟು ನಾಜೂಕು ಲೆಕ್ಕವನ್ನು ಮಾಡಬೇಕಾದದ್ದು ಸೋಫಾ ಪಕ್ಕದಲ್ಲಿ ಕೂತ ಪ್ಲಾಸ್ಟಿಕ್ ಡಬ್ಬ.

ಅಂಥ ಕಣ್ಣಿಗೇ ಧೂಳು ಕೂತರೆ? ಗೂಡಿನೊಳಗೆ ಅಂಟಿದ ಕಣವೂ ಬೆಳಕನ್ನು ಚೆದುರಿಸುತ್ತದೆ, ಬಿಡುವಿಲ್ಲದೆ. ಯಂತ್ರಕ್ಕೆ ಅದು ತನ್ನ ಕೊಳೆ ಎಂದು ಗೊತ್ತಾಗುವುದಿಲ್ಲ, ಮನೆಯೆಲ್ಲ ಕೊಳೆ ಎಂದು ಕೂಗುತ್ತದೆ. (ಇಂಥವರು ಪ್ರತಿ ಅಪಾರ್ಟ್‌ಮೆಂಟ್ ಸಂಘದಲ್ಲೂ ಒಬ್ಬರಿದ್ದಾರೆ, ಆ ಮಾತು ಬೇಡ.)

ಪ್ಲಗ್ ಕಿತ್ತು, ಪಕ್ಕದ ಪುಟ್ಟ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಮೊಬೈಲ್ ಟಾರ್ಚ್ ಬಿಟ್ಟೆ. ಲೆನ್ಸ್ ಅಂದರೆ ಒಂದು ಹೆಸರುಕಾಳಿನಷ್ಟು. ಅದರ ಮೇಲೆ ಮಾಸಲು ಪೊರೆ, ಅಡುಗೆಯ ಜಿಡ್ಡಿಗೆ ಧೂಳು ಸೇರಿ ಆದದ್ದು. ಅದರ ಮುಂದೆ ಜೇಡನ ಒಂದೇ ಒಂದು ಎಳೆ, ನಡುವೆ ಕಂಬಳಿಯದೋ ಏನೋ ಕೆಂಪು ಜುಂಗು ಸಿಕ್ಕಿಕೊಂಡು ಉಸಿರು ಬಿಟ್ಟರೆ ತೂಗುತ್ತಿತ್ತು. ಇಡೀ ಮನೆಯನ್ನು ಕಟಕಟೆಗೆ ಹತ್ತಿಸಿದ ಸಾಕ್ಷಿ ಅದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನೀರಿಗೆ ಅದ್ದಿ ಚೆನ್ನಾಗಿ ಹಿಂಡಿ ಮೆಲ್ಲಗೆ ಒರೆಸುವುದು, ಆಮೇಲೆ ಒಣ ಕಡ್ಡಿಯಿಂದ ಇನ್ನೊಮ್ಮೆ. ಇಷ್ಟೇ ಚಿಕಿತ್ಸೆ. ಸ್ಪಿರಿಟ್, ಕಾಲಿನ್ ಯಾವುದೂ ಬೇಡ. ವಾಸನೆ ಹಿಡಿಯುವ ಗ್ಯಾಸ್ ಸೆನ್ಸರ್ ಕೂಡ ಇರುವ ಯಂತ್ರವಾದರೆ ಸ್ಪಿರಿಟಿನ ಆವಿಗೇ ಅದು ಬೆಚ್ಚಿಬೀಳುತ್ತದೆ.

“ರೀ, ಹಸಿರಾಯ್ತು!” ಎಂದು ಹೆಂಡತಿ ಕೂಗಿದಳು. ಅಮ್ಮ ತಕ್ಷಣ ಸಾಂಬ್ರಾಣಿ ಹಾಕಿ ನೋಡಿಯೇಬಿಟ್ಟರು. ಕೆಂಪು. ಆಕೆಗೆ ಬಹಳ ಸಮಾಧಾನವಾಯಿತು.

ಕಣ್ಣು ಸರಿಹೋದರೂ ಅದರ ಮಾತನ್ನೆಲ್ಲ ವೇದವಾಕ್ಯ ಮಾಡಿಕೊಳ್ಳುವಂತಿಲ್ಲ. ಡಿಸೆಂಬರಿನ ಮಂಜು ಕಿಟಕಿಯೊಳಗೆ ಬಂದರೆ ನೀರಿನ ಹನಿಯನ್ನೂ ಅದು ಧೂಳೆಂದೇ ಎಣಿಸುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರಗಳಲ್ಲಿ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ಕಳೆದು, ಧೂಳನ್ನು ಪಟ್ಟಿಯ ಮೇಲೆ ಕೂರಿಸಿ, ಬೀಟಾ ಕಿರಣ ಹಾಯಿಸಿ ಅಳೆಯುವ ಯಂತ್ರಗಳಿವೆ. ನಮ್ಮದಕ್ಕೆ ಆ ವೈಭವ ಎಲ್ಲಿಂದ ಬರಬೇಕು? ಎದುರುಮನೆಯವರದು ಇನ್ನೊಂದು ತಕರಾರು, ಅವರ ಫೋನಿನಲ್ಲಿ 154 ಇದ್ದಾಗ ನಮ್ಮ ಯಂತ್ರ 60 ತೋರಿಸುತ್ತದಂತೆ. ಫೋನಿನದು ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕ (ಎಕ್ಯೂಐ), ನಮ್ಮದು ಬರೀ ಮೈಕ್ರೋಗ್ರಾಂ. ಭಾರತದ ಸೂಚ್ಯಂಕದಲ್ಲಿ ಅದೇ ಗಾಳಿ 100, ‘ತೃಪ್ತಿಕರ’. ಎಷ್ಟು ವಿವರಿಸಿದರೂ ಅವರಿಗೆ ತೃಪ್ತಿಯಾಗಿಲ್ಲ.

ಸದ್ಯದ ಜಗಳ ಜಾಗದ್ದು. ಗೋಡೆಯಿಂದ ಒಂದಡಿ ದೂರ ಇರಬೇಕು ಎಂದು ಮ್ಯಾನ್ಯುಯಲ್ಲು, ದೇವರಮನೆಯ ಎದುರು ಬೇಡ ಎಂದು ಅಮ್ಮ, ಒಲೆಯ ಜಿಡ್ಡು ತಾಗಬಾರದು ಎಂದು ನಾನು. ಎಲ್ಲರಿಗೂ ಒಪ್ಪಿಗೆಯಾದ ಜಾಗ ಟಿ.ವಿ. ಪಕ್ಕ. ಧಾರಾವಾಹಿ ಶುರುವಾದೊಡನೆ ಅಮ್ಮ ಅದನ್ನು ಸ್ಲೀಪ್ ಮೋಡಿಗೆ ಹಾಕುತ್ತಾರೆ. ಒಗ್ಗರಣೆ ಬೀಳುವುದೂ ಸರಿಯಾಗಿ ಅದೇ ಹೊತ್ತಿಗೆ.