ಹಿಮ್ಮಡಿಯ ಚೀಟಿ ತೋರಿಸಿ ಹೆದರಿಸಬೇಡಿ

ಕುಮಟಾದ ಉಚಿತ ಎಲುಬು ತಪಾಸಣಾ ಶಿಬಿರವೊಂದರಿಂದ ನನ್ನ ಚಿಕ್ಕಮ್ಮನ ಮಗಳು ಮೊನ್ನೆ ಅಳುತ್ತಲೇ ಬಂದಳು. ಅವಳ ಕೈಯಲ್ಲಿದ್ದ ಚೀಟಿಯಲ್ಲಿ ಟಿ ಸ್ಕೋರ್ ಮೈನಸ್ 2.6 ಎಂದು ಅಚ್ಚಾಗಿತ್ತು, ಅದರ ಸುತ್ತ ಕೆಂಪು ಶಾಯಿಯ ಗೆರೆ ಎಳೆದಿದ್ದರು. ‘ಎಲುಬು ಟೊಳ್ಳಾಗಿದೆ, ಬಿದ್ದರೆ ಮುರಿದೇ ಹೋಗುತ್ತದೆ’ ಎಂದು ಹೇಳಿ, ಪಕ್ಕದ ಮೇಜಿನಲ್ಲಿ ಕ್ಯಾಲ್ಸಿಯಂ ಪುಡಿಯ ಡಬ್ಬಿಗಳನ್ನೂ ಮಾರಿ ಕಳಿಸಿದ್ದಾರೆ. ಅವಳಿಗೆ 41 ವರ್ಷ. ಮುಟ್ಟು ಕ್ರಮವಾಗಿ ಆಗುತ್ತಿದೆ, ಇದುವರೆಗೆ ಒಂದು ಎಲುಬೂ ಮುರಿದಿಲ್ಲ. ಸ್ಕ್ಯಾನ್ ಕೋಣೆಯಲ್ಲೇ ಉದ್ಯೋಗ ಮಾಡಿ ನಿವೃತ್ತಳಾದವಳು ನಾನು ಎಂಬುದು ನಿಮಗೆಲ್ಲ ತಿಳಿದೇ ಇರುವುದರಿಂದ, ನನಗೆ ಇಷ್ಟು ಸಿಟ್ಟು ಏಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಶಿಬಿರದಲ್ಲಿ ಹಿಮ್ಮಡಿಗೆ ಜೆಲ್ ಹಚ್ಚಿ ನೋಡುವ ಯಂತ್ರ ಅಳೆಯುವುದು ಎಲುಬಿನೊಳಗೆ ಶಬ್ದತರಂಗ ಎಷ್ಟು ವೇಗವಾಗಿ ಹಾಯುತ್ತದೆ, ಎಷ್ಟು ಕುಂದುತ್ತದೆ ಎಂಬುದನ್ನು. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ, ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯನ್ನು ನಾವು ಬಳಸುವುದು ಡೆಕ್ಸಾ ಯಂತ್ರಕ್ಕೆ. ಅದು ಸೊಂಟ ಮತ್ತು ಬೆನ್ನಿನ ಮೂಲಕ ಎರಡು ಬಗೆಯ ಶಕ್ತಿಯ ಎಕ್ಸ್‌ರೇ ಹಾಯಿಸಿ, ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜವಿದೆ ಎಂದು ಲೆಕ್ಕ ಹಾಕುತ್ತದೆ. ಹಿಮ್ಮಡಿಯ ಅಂಕಿಗೆ ಆ ಗೆರೆ ಅನ್ವಯಿಸುವುದೇ ಇಲ್ಲ. ಅಲ್ಲದೆ ಟಿ ಸ್ಕೋರ್ ಎಂದರೆ ಇಪ್ಪತ್ತರ ಹರೆಯದ ಆರೋಗ್ಯವಂತರ ಎಲುಬಿನೊಂದಿಗೆ ಹೋಲಿಕೆ. ಅದರ ಮೇಲೆ ರೋಗ ನಿರ್ಧರಿಸುವುದು ಮುಟ್ಟು ನಿಂತ ಹೆಂಗಸರಲ್ಲಿ ಮತ್ತು 50 ದಾಟಿದ ಗಂಡಸರಲ್ಲಿ. ನನ್ನ ತಂಗಿಯ ವಯಸ್ಸಿನವರಿಗೆ ನೋಡಬೇಕಾದದ್ದು ಸಮವಯಸ್ಕರೊಂದಿಗೆ ಹೋಲಿಸುವ ಝಡ್ ಸ್ಕೋರ್. ಅದು ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೂ ‘ವಯಸ್ಸಿಗೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆ’ ಎಂದಷ್ಟೇ ಬರೆದು, ಥೈರಾಯ್ಡ್, ಸ್ಟಿರಾಯ್ಡ್ ಮಾತ್ರೆ, ವಿಟಮಿನ್ ಡಿ ಕೊರತೆ ಮುಂತಾದ ಕಾರಣಗಳನ್ನು ಹುಡುಕುತ್ತಾರೆ. ಚೀಟಿಯಲ್ಲಿ ಝಡ್ ಸ್ಕೋರೂ ಇತ್ತು. ಅದನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ.

ಓದದೆ ಹೆದರಿಸುವುದು ಒಂದು ಅನ್ಯಾಯವಾದರೆ, ಓದದೆ ಧೈರ್ಯ ಹೇಳುವುದು ಅದಕ್ಕಿಂತ ದೊಡ್ಡದು. ಶಿರಸಿಯ ನಮ್ಮ ದೊಡ್ಡಮ್ಮನ ಡೆಕ್ಸಾ ವರದಿಯ ಮೊದಲ ಪುಟದಲ್ಲಿ ಬೆನ್ನಿನ ಟಿ ಸ್ಕೋರ್ ಮೈನಸ್ 0.6 ಇತ್ತು, ‘ಎಲ್ಲ ಸರಿ ಇದೆ’ ಎಂದು ಕಳಿಸಿದ್ದರು. ಚಿತ್ರ ನೋಡಿದರೆ ಕೆಳಗಿನ ಎರಡು ಕಶೇರುಗಳು (ಬೆನ್ನೆಲುಬಿನ ಬಿಲ್ಲೆಗಳು) ಮೇಲಿನವಕ್ಕಿಂತ ಎದ್ದು ಕಾಣುವಷ್ಟು ಬೆಳ್ಳಗಿದ್ದವು. ವಯಸ್ಸಾದಂತೆ ಅಂಚಿನಲ್ಲಿ ಬೆಳೆಯುವ ಮುಳ್ಳೆಲುಬು, ಮುಂದೆ ಹಾದುಹೋಗುವ ಮಹಾಧಮನಿಯ ಗೋಡೆಯಲ್ಲಿ ಕೂತ ಸುಣ್ಣ ಎಲ್ಲವೂ ಸಾಂದ್ರತೆಯ ಲೆಕ್ಕಕ್ಕೇ ಸೇರಿ ಅಂಕಿಯನ್ನು ಮೇಲೆತ್ತುತ್ತವೆ. ಎರಡನೆಯ ಪುಟದಲ್ಲಿ ಸೊಂಟದ್ದು ಮೈನಸ್ 2.8. ಎರಡರಲ್ಲಿ ಕಡಿಮೆಯಾದದ್ದನ್ನೇ ಹಿಡಿಯಬೇಕೆಂಬುದು ಪಾಠದ ಮೊದಲ ಸಾಲು. ಸೀರೆಯ ಅಂಚು ನೆಲ ಗುಡಿಸುವಷ್ಟು ದೊಡ್ಡಮ್ಮ ಗಿಡ್ಡವಾಗಿದ್ದನ್ನು ಕಂಡು ಬೆನ್ನಿನ ಎಕ್ಸ್‌ರೇ ತೆಗೆಸಿದೆವು. ಒಂದು ಕಶೇರು ಕುಸಿದಿತ್ತು. ಏಟಿಲ್ಲದೆ ಕಶೇರು ಹಾಗೆ ಕುಸಿದಿದ್ದರೆ, ಬೇರೆ ಕಾರಣವಿಲ್ಲವೆಂದು ಖಚಿತವಾದ ಮೇಲೆ, ಸ್ಕೋರ್ ಎಷ್ಟೇ ಇರಲಿ ಅದು ಆಸ್ಟಿಯೋಪೊರೋಸಿಸ್.

‘ದೊಡ್ಡ ತಪಾಸಣೆಗೆಲ್ಲ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಾದ ನಮ್ಮ ಜಿಲ್ಲೆಯಲ್ಲಿ ಶಿಬಿರವಾದರೂ ನಡೆಯಲಿ ಬಿಡಿ’ ಎನ್ನುವವರಿದ್ದಾರೆ. ನಡೆಯಲಿ. ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕೆಂದು ಆರಿಸಲು ಹಿಮ್ಮಡಿಯ ಯಂತ್ರ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಹಾಗೆ ಕಳಿಸುವವರು ‘ಇದು ರೋಗನಿರ್ಣಯವಲ್ಲ’ ಎಂದು ಚೀಟಿಯ ಮೇಲೆಯೇ ಬರೆಯಬೇಕು, ಹಿಂದೆ ಎಲುಬು ಮುರಿದಿತ್ತೇ, ತಾಯಿಗೆ ಸೊಂಟ ಮುರಿದಿತ್ತೇ, ಯಾವ ಮಾತ್ರೆ ನುಂಗುತ್ತೀರಿ ಎಂದು ಕೇಳಬೇಕು. ಅದನ್ನು ಬಿಟ್ಟು ಅಲ್ಲೇ ಪುಡಿ ಮಾರಲು ಕೂರುವುದು ತಪಾಸಣೆಯಲ್ಲ, ವ್ಯಾಪಾರ. ಬರೀ ಕ್ಯಾಲ್ಸಿಯಂ ಪುಡಿಯಿಂದ ಆಸ್ಟಿಯೋಪೊರೋಸಿಸ್ ವಾಸಿಯಾಗುವುದೂ ಇಲ್ಲ.

ನಿಮ್ಮ ಮನೆಯಲ್ಲಿ ಇಂಥ ಚೀಟಿ ಇದ್ದರೆ ಅದನ್ನು ನೋಡಿ ಔಷಧಿ ಶುರುಮಾಡಬೇಡಿ, ಬಿಡಲೂ ಬೇಡಿ. ಡೆಕ್ಸಾ ಮಾಡಿಸಿದವರು ಮುಂದಿನ ಸಲವೂ ಅದೇ ಯಂತ್ರಕ್ಕೆ ಹೋಗಿ. ಬೇರೆ ಊರಿನ ಬೇರೆ ಯಂತ್ರದ ಅಂಕಿಯೊಂದಿಗೆ ನೇರ ಹೋಲಿಕೆ ಸಲ್ಲದು. ವೈದ್ಯರ ಹತ್ತಿರ ಹೋಗುವಾಗ ಚಿತ್ರವಿರುವ ಪುಟವನ್ನೂ ಸೊಂಟದ ಪುಟವನ್ನೂ ಮರೆಯದೆ ಒಯ್ಯಿರಿ, ಎರಡನ್ನೂ ನೋಡುವ ತನಕ ಎದ್ದು ಬರಬೇಡಿ.